ಸಡಿಲ ಬೇರೆ, ದೊಗಳೆ ಬೇರೆ

ಈಚಿನ ವರ್ಷಗಳಲ್ಲಿ ನನ್ನ ಕತ್ತರಿ ಮೇಜಿನ ಮುಂದೆ ಅತಿ ಹೆಚ್ಚು ಕೇಳಿಬರುವ ದೂರನ್ನು ಒಬ್ಬ ಯುವಕ ಬಹಳ ಸ್ಪಷ್ಟವಾಗಿ ಹೇಳಿದ: "ನನ್ನದು ಎಂ ಸೈಜು. ಸಡಿಲವಾಗಿರಲಿ ಎಂದು ಅದೇ ಟೀಶರ್ಟಿನ ಎಕ್ಸ್‌ಎಲ್ ಕೊಂಡೆ. ಈಗ ಕತ್ತು ಒಂದು ಪಕ್ಕಕ್ಕೆ ಜಾರುತ್ತದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ ಅಂಗಿಯ ಅಂಚು ಹೊಟ್ಟೆಯ ಮೇಲೆ ಬಂದು ನಿಲ್ಲುತ್ತದೆ. ಇಷ್ಟು ದೊಡ್ಡ ಅಂಗಿ ಗಿಡ್ಡವಾದಂತೆ ಆಗುವುದೇಕೆ?"

ಉತ್ತರ ಕಂಕುಳಿನಲ್ಲಿದೆ. ತೋಳಿನ ಚಲನೆ ಅಂಗಿಯ ಮೈಗೆ ದಾಟುವುದು ಕಂಕುಳಿನ ಹೊಲಿಗೆಯ ಮೂಲಕ. ಆ ಹೊಲಿಗೆ ಮೈಯ ಕಂಕುಳಿಗೆ ಹತ್ತಿರವಿದ್ದರೆ ಕೈ ಎತ್ತಿದಾಗ ಅಂಗಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅದು ಪಕ್ಕೆಲುಬಿನವರೆಗೆ ಇಳಿದಿದ್ದರೆ ತೋಳು ಏಳುವಾಗ ಪಕ್ಕದ ಬಟ್ಟೆಯನ್ನೆಲ್ಲ ಜೊತೆಗೆ ಎಳೆದುಕೊಂಡು ಏಳುತ್ತದೆ. ಸಾಮಾನ್ಯ ಕಟ್ಟಿನ ಟೀಶರ್ಟಿನಲ್ಲಿ ಸೈಜು ಏರಿದ ಹಾಗೆ ಎಲ್ಲವೂ ಏರುತ್ತವೆ: ಎದೆಸುತ್ತು ಪ್ರತಿ ಸೈಜಿಗೆ ಸುಮಾರು 5 ಸೆಂಟಿಮೀಟರ್ ಹೆಚ್ಚುತ್ತದೆ, ಉದ್ದ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ, ಕಂಕುಳಿನ ಹೊಲಿಗೆ ಕೆಳಕ್ಕೆ ಸರಿಯುತ್ತದೆ, ಕತ್ತಿನ ರಂಧ್ರವೂ ಅಗಲವಾಗುತ್ತದೆ. ಎಕ್ಸ್‌ಎಲ್ ಅಂಗಿಯನ್ನು ಕತ್ತರಿಸಿರುವುದು ದಪ್ಪ ಕತ್ತಿನ, ಅಗಲ ಭುಜದ ಇನ್ನೊಬ್ಬ ಮನುಷ್ಯನಿಗಾಗಿ. ಅದನ್ನು ತೊಟ್ಟ ಎಂ ಸೈಜಿನವನು ಆ ಮನುಷ್ಯನ ಅಂಗಿಯೊಳಗೆ ನಿಂತಿರುತ್ತಾನೆ.

ಓವರ್‌ಸೈಜ್ ಎಂದೇ ಯೋಚಿಸಿ ಕತ್ತರಿಸಿದ ಟೀಶರ್ಟಿನ ಲೆಕ್ಕ ಬೇರೆ. ಅದರಲ್ಲಿ ಎದೆ ಮತ್ತು ತೋಳು ಅಗಲವಾಗುತ್ತವೆ, ಆದರೆ ಕತ್ತು ನಿಮ್ಮ ಕತ್ತಿನ ಅಳತೆಯಲ್ಲೇ ಉಳಿಯುತ್ತದೆ. ಭುಜದ ಹೊಲಿಗೆಯನ್ನು ಬೇಕೆಂದೇ ಭುಜದ ಮೂಳೆಯಿಂದ 4-6 ಸೆಂಟಿಮೀಟರ್ ಕೆಳಗೆ, ತೋಳಿನ ಮೇಲೆ ಇಳಿಸಿರುತ್ತಾರೆ. ಇದನ್ನೇ ಡ್ರಾಪ್ ಶೋಲ್ಡರ್ ಎನ್ನುವುದು. ಹೀಗೆ ಇಳಿಸಿದಾಗ ತೋಳಿನ ಮೇಲ್ಭಾಗದ ಗುಡ್ಡದಂತಹ ತಿರುವನ್ನು ತಗ್ಗಿಸಿ ಚಪ್ಪಟೆ ಮಾಡಬೇಕು. ಚಪ್ಪಟೆ ಮಾಡಿದರೆ ತೋಳಿನ ಒಳಮಗ್ಗುಲಿನ ಹೊಲಿಗೆ ಉದ್ದವಾಗುತ್ತದೆ, ಕೈ ಎತ್ತಲು ಬೇಕಾದ ಬಟ್ಟೆ ಅಲ್ಲಿ ಸಿಗುತ್ತದೆ. ಉದ್ದವನ್ನು ಮಾತ್ರ ಹೆಚ್ಚು ಬೆಳೆಸುವುದಿಲ್ಲ. ಬರಿಗಣ್ಣಿಗೆ ಎರಡೂ ಅಂಗಿಗಳು ಸಡಿಲವಾಗಿಯೇ ಕಾಣುತ್ತವೆ. ತೊಟ್ಟು ಓಡಾಡಿದಾಗ ಮಾತ್ರ ಒಂದು ಸಡಿಲ, ಇನ್ನೊಂದು ದೊಗಳೆ ಎಂಬುದು ತಿಳಿಯುತ್ತದೆ.

ಹಾಗಾದರೆ ತೊಡುವ ಮೊದಲೇ ತಿಳಿಯುವುದು ಹೇಗೆ? ನಾನು ಎಲ್ಲರಿಗೂ ಹೇಳುವ ದಾರಿ ಒಂದೇ. ನಿಮ್ಮ ಕಪಾಟಿನಲ್ಲಿ ನೀವು ಮತ್ತೆ ಮತ್ತೆ ಕೈಹಾಕಿ ತೆಗೆಯುವ ಒಂದು ಅಂಗಿ ಇರುತ್ತದೆ. ಅದನ್ನು ಒಗೆದು ಒಣಗಿಸಿದ ನಂತರ ಸಮತಟ್ಟಾದ ಜಾಗದಲ್ಲಿ ಹಾಸಿ, ಎಳೆಯದೆ ಅಂಗೈಯಿಂದ ಸುಕ್ಕು ಸವರಿ, ಟೇಪು ಹಿಡಿಯಿರಿ. ಒಂದು ಕಂಕುಳಿನಿಂದ ಇನ್ನೊಂದಕ್ಕೆ ಇರುವ ಅಗಲವನ್ನು ಎರಡರಿಂದ ಗುಣಿಸಿದರೆ ಅಂಗಿಯ ಎದೆಸುತ್ತು. ಭುಜದ ಹೊಲಿಗೆ ಕತ್ತಿಗೆ ಸೇರುವ ಬಿಂದುವಿನಿಂದ ಕೆಳಗಿನ ಅಂಚಿನವರೆಗೆ ಉದ್ದ. ಆಮೇಲೆ ಭುಜದಿಂದ ಭುಜಕ್ಕೆ, ತೋಳಿನ ಉದ್ದ, ತೋಳಿನ ಬಾಯಿ. ಈ ಅಂಕಿಗಳು ಮೊಬೈಲಿನಲ್ಲಿ ಇರಲಿ. ಬಟ್ಟೆಯ ಟೇಪು ವರ್ಷಗಳು ಕಳೆದಂತೆ ಹಿಗ್ಗುತ್ತದೆ, ಆದ್ದರಿಂದ ಒಮ್ಮೆ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು ಪರೀಕ್ಷಿಸಿಕೊಳ್ಳಿ.

ಅಂಗಿಯ ಎದೆಸುತ್ತಿನಿಂದ ಮೈಯ ಎದೆಸುತ್ತನ್ನು ಕಳೆದರೆ ಉಳಿಯುವುದು ಸಡಿಲಿಕೆ. ಮೈ 96 ಸೆಂಟಿಮೀಟರ್, ಅಂಗಿ 108 ಇದ್ದರೆ ಸಡಿಲಿಕೆ 12, ಅದು ದಿನಬಳಕೆಯ ಸಾಮಾನ್ಯ ಫಿಟ್. 120 ಇದ್ದರೆ ಸಡಿಲಿಕೆ 24, ಅಲ್ಲಿಂದ ಓವರ್‌ಸೈಜ್ ಎನ್ನಬಹುದು. 30 ದಾಟಿದ ಮೇಲೆ ಬಟ್ಟೆ ತನ್ನಷ್ಟಕ್ಕೆ ನಿಲ್ಲುವಷ್ಟು ಗಟ್ಟಿ ಇಲ್ಲದಿದ್ದರೆ ಕಂಕುಳ ಕೆಳಗೆ ಚೀಲ ಕಟ್ಟಿದಂತಾಗುತ್ತದೆ. ಸೈಜ್ ಪಟ್ಟಿ ಓದುವಾಗ ಒಂದು ಎಚ್ಚರ ಬೇಕು. ಕೆಲವು ಪಟ್ಟಿಗಳು ಮೈಯ ಅಳತೆ ಕೊಡುತ್ತವೆ, ಕೆಲವು ಬಟ್ಟೆಯ ಅಳತೆ. 104 ಎಂದು ಬರೆದಿದ್ದರೆ ಅದು ನಿಮ್ಮ ಎದೆಯೋ ಅಂಗಿಯ ಎದೆಯೋ ಎಂದು ನೋಡದೆ ಕೊಂಡರೆ ಒಂದೆರಡು ಸೈಜು ತಪ್ಪುವುದು ಖಚಿತ. ಎಸ್, ಎಂ, ಎಲ್ ಎಂಬ ಅಕ್ಷರಗಳನ್ನು ಪ್ರತಿ ತಯಾರಕನೂ ತನ್ನ ಲೆಕ್ಕದಲ್ಲಿ ಬಳಸುತ್ತಾನೆ, ಆದ್ದರಿಂದ ಆ ಅಕ್ಷರವನ್ನು ನಿಮ್ಮ ಗುರುತು ಎಂದುಕೊಳ್ಳಬೇಡಿ. ದೊಡ್ಡ ಅಕ್ಷರ ಬಂತೆಂದು ಮುಖ ಸಣ್ಣದು ಮಾಡಿಕೊಂಡವರನ್ನು ನೋಡಿ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಸರಿಪಡಿಸಲು ಆಗುವುದು ಮತ್ತು ಆಗದ್ದು ಯಾವುದು ಎಂದು ತಿಳಿದಿದ್ದರೆ ಆಯ್ಕೆ ಸುಲಭ. ಉದ್ದ ಕತ್ತರಿಸಬಹುದು, ಪಕ್ಕದ ಹೊಲಿಗೆ ಒಳಗೆ ತರಬಹುದು, ತೋಳು ಗಿಡ್ಡ ಮಾಡಬಹುದು. ಭುಜ ಮತ್ತು ಕಂಕುಳಿನ ಸುತ್ತನ್ನು ಮುಟ್ಟಿದರೆ ಅಂಗಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕತ್ತರಿಸಿದ ಹಾಗೆ. ಆದ್ದರಿಂದ ಭುಜಕ್ಕೂ ಕತ್ತಿಗೂ ಸರಿಹೊಂದುವುದನ್ನು ಆರಿಸಿ, ಉಳಿದದ್ದನ್ನು ದರ್ಜಿಗೆ ಬಿಡಿ. ಹೊಟ್ಟೆ ಮುಂದಿರುವವರು ಹೊಟ್ಟೆಗಾಗಿ ಸೈಜು ಏರಿಸುತ್ತಾರೆ, ಆಗ ಭುಜ ಕುಸಿದು ಇಡೀ ಆಕಾರವೇ ಸೋತಂತೆ ಕಾಣುತ್ತದೆ. ಅವರಿಗೆ ಬೇಕಾದದ್ದು ಕಂಕುಳಿನಿಂದ ಅಂಚಿನವರೆಗೆ ನೇರವಾಗಿ ಇಳಿಯುವ, ಕೆಳಗೆ ಕಿರಿದಾಗದ ಕಟ್ಟು. ಗಂಡಸರ ವಿಭಾಗದ ಟೀಶರ್ಟು, ಹೂಡಿಗಳನ್ನು ಇಷ್ಟಪಡುವ ಹೆಂಗಸರು ಎದೆಯ ಬದಲು ಸೊಂಟದ ಕೆಳಗಿನ ಸುತ್ತನ್ನು ಮೊದಲು ನೋಡಲಿ. ಆ ಕಟ್ಟಿನಲ್ಲಿ ಭುಜ ಅಗಲ, ಕೆಳಭಾಗ ಕಿರಿದು. ಅಂಚು ಅಲ್ಲಿ ಸಿಕ್ಕಿಕೊಂಡರೆ ಬಟ್ಟೆಯೆಲ್ಲ ಮೇಲೆ ಗುಡ್ಡೆಯಾಗುತ್ತದೆ.

ಕತ್ತಿನ ಪಟ್ಟಿಯ ಬಗ್ಗೆ ಎರಡು ಮಾತು, ಏಕೆಂದರೆ ಟೀಶರ್ಟು ಮುದಿಯಾಗುವುದು ಅಲ್ಲಿಂದಲೇ. ಗೆರೆಗೆರೆಯಾಗಿ ಹೆಣೆದ, ಹಿಗ್ಗುವ ಆ ರಿಬ್ ಪಟ್ಟಿಯನ್ನು ಕತ್ತಿನ ರಂಧ್ರಕ್ಕಿಂತ ಹತ್ತು ಹದಿನೈದು ಶೇಕಡದಷ್ಟು ಗಿಡ್ಡವಾಗಿ ಕತ್ತರಿಸಿ, ಎಳೆದು ಹೊಲಿಯುತ್ತೇವೆ. ಆ ಬಿಗುವೇ ಅದನ್ನು ಕತ್ತಿಗೆ ಒರಗಿಸಿ ಕೂರಿಸುತ್ತದೆ. ಕೊಳ್ಳುವ ಮೊದಲು ಎರಡು ಬೆರಳಿನಿಂದ ಮೆಲ್ಲಗೆ ಎಳೆದು ಬಿಡಿ. ಕೂಡಲೇ ಹಿಂದಕ್ಕೆ ಬಂದರೆ ಒಳ್ಳೆಯದು, ಅಲೆಯಂತೆ ಉಳಿದರೆ ಕೆಲವೇ ಒಗೆತಗಳಲ್ಲಿ ಸೋಲುತ್ತದೆ.

ಇನ್ನು ಬಟ್ಟೆಯ ತೂಕ. ನನ್ನ ಅನುಭವದಲ್ಲಿ ಜನ ಅತಿ ಕಡಿಮೆ ನೋಡುವುದೂ ಅತಿ ಹೆಚ್ಚು ಫಲ ಕೊಡುವುದೂ ಇದೇ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ಜಿಎಸ್‌ಎಂ ಎನ್ನುತ್ತಾರೆ. 140ರಿಂದ 160ರವರೆಗಿನದು ತೆಳು, 180-200 ನಡುವಿನದು, 220 ದಾಟಿದ್ದು ದಪ್ಪ. ಒಂದೇ ಮಾದರಿಯನ್ನು ಒಂದು 150ರಲ್ಲಿ, ಇನ್ನೊಂದು 240ರಲ್ಲಿ ಹೊಲಿದು ಪಕ್ಕಪಕ್ಕ ತೂಗುಹಾಕಿದರೆ ಅವು ಒಂದೇ ಅಂಗಿ ಎಂದು ನಂಬುವುದು ಕಷ್ಟ. ತೆಳುವಾದದ್ದು ಮೈಯ ಏರಿಳಿತಗಳ ಮೇಲೆಲ್ಲ ಬಿದ್ದು ಹೊಟ್ಟೆ, ಬೆನ್ನುಗಳನ್ನು ಬರೆದು ತೋರಿಸುತ್ತದೆ. ದಪ್ಪನೆಯದು ಭುಜದಿಂದ ಇಳಿದು ಮೈಯಿಂದ ದೂರ ನಿಲ್ಲುತ್ತದೆ. ಚೌಕಾಕಾರದ ಸಡಿಲ ಕಟ್ಟಿಗೆ ಈ ಗಟ್ಟಿತನ ಬೇಕೇಬೇಕು. ಬಿಸಿಲಿನಲ್ಲಿ ದಪ್ಪ ಬಟ್ಟೆ ಏಕೆ ಎಂದು ಕೇಳುವವರಿಗೆ ನನ್ನ ಸಲಹೆ 180-200ರ ಹತ್ತಿಬಟ್ಟೆ. ಮೈಗೂ ಬಟ್ಟೆಗೂ ನಡುವೆ ಗಾಳಿಯಾಡುವ ಜಾಗವಿದ್ದರೆ ಅದು ಬೆವರಿಗೆ ಅಂಟುವ ತೆಳು ಅಂಗಿಗಿಂತ ಹಿತವಾಗಿರುತ್ತದೆ. ಕಡು ಬೇಸಗೆಯಲ್ಲಿ ತೆಳುವೇ ಬೇಕೆಂದರೆ ಓವರ್‌ಸೈಜ್ ಬಿಟ್ಟು ಸಾಮಾನ್ಯ ಫಿಟ್‌ಗೆ ಬನ್ನಿ.

ಹೂಡಿಯಲ್ಲಿ ಫ್ರೆಂಚ್ ಟೆರ್ರಿ ಮತ್ತು ಫ್ಲೀಸ್ ಎಂಬ ಎರಡು ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ಎರಡರ ಒಳಮೈಯಲ್ಲೂ ನೂಲಿನ ಕುಣಿಕೆಗಳಿರುತ್ತವೆ. ಕುಣಿಕೆಗಳನ್ನು ಹಾಗೆಯೇ ಬಿಟ್ಟರೆ ಟೆರ್ರಿ, ಉಜ್ಜಿ ಎಬ್ಬಿಸಿ ನಯವಾದ ತುಪ್ಪಳ ಮಾಡಿದರೆ ಫ್ಲೀಸ್. ತುಪ್ಪಳ ಗಾಳಿ ಹಿಡಿದಿಡುತ್ತದೆ, ಅದು ಚಳಿಗೆ. ವರ್ಷದ ಹೆಚ್ಚು ದಿನ ತೊಡಬೇಕೆಂದರೆ ಟೆರ್ರಿಯೇ ಸರಿ. ಹೂಡಿ ತೊಟ್ಟಾಗ ಮುಂಗತ್ತು ಗಂಟಲಿಗೆ ಒತ್ತುತ್ತಿದ್ದರೆ ಅದು ಸಣ್ಣದಾಯಿತೆಂದು ತಿಳಿಯಬೇಡಿ. ಕುಲಾವಿಯ ಭಾರ ಹಿಂದಕ್ಕೆ ಎಳೆಯುತ್ತಿದೆ, ಕತ್ತಿನ ಕಟ್ಟು ಅದನ್ನು ತೂಗಿಸುತ್ತಿಲ್ಲ. ಸೈಜು ಏರಿಸಿದರೂ ಆ ದೋಷ ಹೋಗುವುದಿಲ್ಲ.

ಹೆಣೆದ ಹತ್ತಿಬಟ್ಟೆ ಕುಗ್ಗುವುದಕ್ಕೆ ಕಾರಣ ನೀರಿಗಿಂತ ಹೆಚ್ಚಾಗಿ ಅದರ ಹಿಂದಿನ ಕಥೆ. ಬಣ್ಣ ಹಾಕಿ ಒಣಗಿಸುವಾಗ ಯಂತ್ರಗಳು ಬಟ್ಟೆಯನ್ನು ಉದ್ದಕ್ಕೆ ಎಳೆದಿರುತ್ತವೆ. ಒಗೆದಾಗ ಹೆಣಿಗೆಯ ಕುಣಿಕೆಗಳು ಆ ಎಳೆತದಿಂದ ಬಿಡಿಸಿಕೊಂಡು ತಮ್ಮ ಸಹಜ ಆಕಾರಕ್ಕೆ ಮರಳುತ್ತವೆ. ಹಾಗಾಗಿ ಕುಗ್ಗುವುದು ಮುಖ್ಯವಾಗಿ ಉದ್ದ. 70 ಸೆಂಟಿಮೀಟರ್ ಉದ್ದದ ಅಂಗಿ ಶೇ 5ರಷ್ಟು ಕುಗ್ಗಿದರೆ ಮೂರೂವರೆ ಸೆಂಟಿಮೀಟರ್ ಹೋಯಿತು. ಬೆಲ್ಟ್ ಮುಚ್ಚುತ್ತಿದ್ದ ಅಂಗಿ ಬೆಲ್ಟ್ ತೋರಿಸತೊಡಗುತ್ತದೆ. ಮೊದಲೇ ಕುಗ್ಗಿಸಿದ ಬಟ್ಟೆ ಎಂದು ಬರೆದಿದ್ದರೂ ಒಂದಿಷ್ಟು ಉಳಿದೇ ಇರುತ್ತದೆ. ಅಮೆರಿಕದ ಚಾಂಪಿಯನ್ ಕಂಪನಿ 1930ರ ದಶಕದಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಇಂದಿಗೂ ಅಚ್ಚುಮೆಚ್ಚು. ಅವರು ಸ್ವೆಟ್‌ಶರ್ಟಿನ ಬಟ್ಟೆಯನ್ನೇ ಅಡ್ಡಲಾಗಿ ತಿರುಗಿಸಿ ಕತ್ತರಿಸಿದರು, ಉದ್ದಕ್ಕೆ ಆಗುತ್ತಿದ್ದ ಕುಗ್ಗುವಿಕೆ ಅಡ್ಡಕ್ಕೆ ಹೋಯಿತು. ಆಮೇಲೆ ಪಕ್ಕಗಳಲ್ಲಿ ಹಿಗ್ಗುವ ರಿಬ್ ಪಟ್ಟಿ ಕೂರಿಸಿ ಆ ಅಡ್ಡ ಬಿಗಿತವನ್ನೂ ಸಡಿಲಿಸಿದರು. ಕತ್ತರಿ ಹಿಡಿಯುವ ಮೊದಲು ಬಟ್ಟೆಯನ್ನು ಅರಿಯುವುದೆಂದರೆ ಹೀಗೆ.

ಪ್ಯಾಂಟಿನ ವಿಷಯಕ್ಕೆ ಬಂದರೆ ಸೊಂಟದ ಸುತ್ತು ಎಲ್ಲರಿಗೂ ಗೊತ್ತು, ರೈಸ್ ಯಾರಿಗೂ ನೆನಪಿರುವುದಿಲ್ಲ. ಎರಡು ಕಾಲುಗಳ ಹೊಲಿಗೆ ಕೂಡುವ ಜಾಗದಿಂದ ಸೊಂಟಪಟ್ಟಿಯವರೆಗಿನ ಉದ್ದವೇ ರೈಸ್. ಕೂತಾಗ ಬೆನ್ನಿನ ಕೆಳಭಾಗ ಹಿಗ್ಗುತ್ತದೆ, ಆದ್ದರಿಂದ ಹಿಂದಿನ ರೈಸ್ ಮುಂದಿನದಕ್ಕಿಂತ ಉದ್ದವಿರಲೇಬೇಕು. ಅಂಗಡಿಯಲ್ಲಿ ನಿಂತು ಕನ್ನಡಿ ನೋಡಿದರೆ ಸಾಲದು. ಕುಳಿತುಕೊಳ್ಳಿ, ಕುಕ್ಕರಗಾಲಿನಲ್ಲಿ ಕೂತು ಏಳಿ, ಒಂದು ಮೆಟ್ಟಿಲು ಹತ್ತಿದಂತೆ ಮೊಣಕಾಲು ಎತ್ತಿ. ಸೊಂಟಪಟ್ಟಿ ಹಿಂದೆ ಜಾರಿದರೆ ರೈಸ್ ಗಿಡ್ಡ. ಬಟ್ಟೆಯ ಸುಕ್ಕುಗಳೂ ಮಾತನಾಡುತ್ತವೆ. ತೊಡೆಯ ಸಂದಿನಲ್ಲಿ ಅಡ್ಡಗೆರೆಗಳು ಎದ್ದರೆ ಬಿಗಿ, ಉದ್ದ ಮಡಿಕೆಗಳು ಬಿದ್ದರೆ ಅಗಲ ಹೆಚ್ಚು, ಓರೆಗೆರೆಗಳು ಎತ್ತ ತೋರಿಸುತ್ತವೆಯೋ ಅಲ್ಲಿ ಬಟ್ಟೆ ಸಾಲದು.

ಜಾಗರ್ಸ್‌ನ ಎಲಾಸ್ಟಿಕ್ ಸೊಂಟ ನಮ್ಮನ್ನು ಏಮಾರಿಸುತ್ತದೆ. ಸೊಂಟ ಹಿಗ್ಗಿ ಒಪ್ಪಿಕೊಳ್ಳುತ್ತದೆ, ತೊಡೆ ಒಪ್ಪುವುದಿಲ್ಲ. ಆದ್ದರಿಂದ ಅದನ್ನು ತೊಡೆಯ ಅಳತೆಯಿಂದ ಆರಿಸಿ, ಕಾಲಿನ ರಿಬ್ ಪಟ್ಟಿ ಕಣಕಾಲಿನ ಗುಂಡುಮೂಳೆಯ ಮೇಲೆ ಕೂರಲಿ, ಮೀನಖಂಡದ ಮೇಲೆ ಅಲ್ಲ. ಕಾರ್ಗೊ ಪ್ಯಾಂಟಿನಲ್ಲಿ ಪಕ್ಕದ ಜೇಬಿನ ತಳ ಮೊಣಕಾಲಿಗೆ ಇಳಿಯಬಾರದು. ಇಳಿದರೆ ಪ್ರತಿ ಹೆಜ್ಜೆಗೂ ಮೊಬೈಲ್ ಮೊಣಕಾಲಿಗೆ ಬಡಿಯುತ್ತದೆ, ಕಾಲು ಗಿಡ್ಡವಾಗಿಯೂ ಕಾಣುತ್ತದೆ. ಎತ್ತರ ಕಡಿಮೆ ಇರುವವರು ಈ ಒಂದು ಅಂಶವನ್ನು ನೋಡಿಯೇ ಕೊಳ್ಳಲಿ.

ಇವನ್ನೆಲ್ಲ ಜೋಡಿಸುವಾಗ ನಾನು ಮೊದಲು ಕಣ್ಣಿಡುವುದು ಮೇಲುಡುಪಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ. ಅಗಲ ಪ್ಯಾಂಟ್, ಅಗಲ ಟೀಶರ್ಟ್ ಜೊತೆಗೆ ತೊಡಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಂಚು ಸೊಂಟದ ಮೂಳೆಗೂ ಪ್ಯಾಂಟಿನ ಜಿಪ್ಪಿನ ನಡುವಿಗೂ ಮಧ್ಯೆ ನಿಂತರೆ ಎರಡೂ ಸಡಿಲವಿದ್ದರೂ ಕಾಲು ಉದ್ದವಾಗಿ ಕಾಣುತ್ತದೆ. ಅದೇ ಅಂಚು ತೊಡೆಯ ನಡುವಿಗೆ ಇಳಿದರೆ ಎಂತಹ ಪ್ಯಾಂಟ್ ಹಾಕಿದರೂ ಮೈ ಎರಡು ತುಂಡಾದಂತೆ. ಕುಳ್ಳಗಿರುವವರಿಗೆ ಬಿಗಿ ಬಟ್ಟೆಯೇ ಗತಿ ಎನ್ನುತ್ತಾರೆ. ಬಿಗಿ ಬೇಕಿಲ್ಲ, ಗಿಡ್ಡ ಅಂಚಿನ ಅಗಲ ಅಂಗಿ ಸಾಕು. ಒಂದರ ಮೇಲೊಂದು ತೊಡುವಾಗ ಒಳಗಿನದಕ್ಕಿಂತ ಹೊರಗಿನದರ ಕಂಕುಳು ಆಳವಿರಬೇಕು. ಡ್ರಾಪ್ ಶೋಲ್ಡರ್ ಹೂಡಿಯ ಮೇಲೆ ಮೈಗೊಪ್ಪುವ ಜಾಕೆಟ್ ಹಾಕಿ ಕೈ ಮಡಿಸಲಾಗದೆ ಒದ್ದಾಡುವುದು ಇದಕ್ಕೇ.

ಬಣ್ಣದ ಬಗ್ಗೆ ಇಷ್ಟು ಸಾಕು: ಕಪ್ಪಿನ ಮೇಲೆ ಕಪ್ಪು ಹಾಕುವುದಾದರೆ ಎರಡನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ನೋಡಿ. ಒಂದು ಕೆಂಪಿಗೆ, ಇನ್ನೊಂದು ನೀಲಿಗೆ ವಾಲಿರಬಹುದು. ಸ್ನೀಕರ್ಸ್ ಅನ್ನು ಕಾಲು ಕೊಂಚ ಊದಿರುವ ಸಂಜೆಯ ಹೊತ್ತಿನಲ್ಲಿ, ನೀವು ನಿತ್ಯ ತೊಡುವ ಕಾಲುಚೀಲದೊಂದಿಗೆ, ದೊಡ್ಡ ಪಾದದ ಅಳತೆಗೆ ಕೊಳ್ಳಿ.

ಒಗೆಯುವಾಗ ಒಳಮೈ ಹೊರಗೆ ತಿರುಗಿಸಿ, ತಣ್ಣೀರು ಬಳಸಿ. ಒದ್ದೆ ಹೂಡಿಯನ್ನು ಹ್ಯಾಂಗರಿಗೆ ಎಂದೂ ತೂಗುಹಾಕಬೇಡಿ, ನೀರಿನ ಭಾರಕ್ಕೆ ಭುಜ ಜಗ್ಗಿ ಕೊಂಬು ಮೂಡುತ್ತದೆ. ಹಾಸಿ ಒಣಗಿಸಿ, ಇಲ್ಲವೆ ತಂತಿಯ ಮೇಲೆ ನಡುವಿಗೆ ಮಡಚಿ ಹಾಕಿ. ಕಾದ ಡ್ರೈಯರ್ ಮತ್ತು ಇಸ್ತ್ರಿಯ ಬಿಸಿ ರಿಬ್ ಪಟ್ಟಿಯೊಳಗಿನ ಎಲಾಸ್ಟೇನ್ ಎಂಬ ಹಿಗ್ಗಿ ಕುಗ್ಗುವ ಎಳೆಗಳ ಜೀವ ತೆಗೆಯುತ್ತವೆ.

ಆ ಯುವಕನ ಎಕ್ಸ್‌ಎಲ್ ಅಂಗಿಯ ಕತ್ತಿಗೆ ಗಿಡ್ಡ ಪಟ್ಟಿ ಹೊಲಿದುಕೊಟ್ಟೆ. ಕಂಕುಳಿಗೆ ಏನೂ ಮಾಡಲಾಗುವುದಿಲ್ಲ ಎಂದು ಹೇಳಿದೆ. ಅವನು ಮೊಬೈಲ್ ತೆಗೆದು ತನ್ನ ಮೆಚ್ಚಿನ ಹಳೆಯ ಅಂಗಿಯ ಅಳತೆಗಳನ್ನು ಬರೆದುಕೊಂಡು ಹೋದ. ಮುಂದಿನ ಬಾರಿ ಬಂದಾಗ ತೊಟ್ಟಿದ್ದು ಎಂ ಸೈಜಿನದೇ ಡ್ರಾಪ್ ಶೋಲ್ಡರ್ ಟೀಶರ್ಟ್, ಕಂಕುಳಿನಿಂದ ಕಂಕುಳಿಗೆ 59. ಕೇಳುವ ಮೊದಲೇ ಎರಡೂ ಕೈ ಮೇಲೆತ್ತಿ ತೋರಿಸಿದ. ಅಂಚು ಸೊಂಟಪಟ್ಟಿಯವರೆಗೆ ಬಂದು ಅಲ್ಲಿಗೇ ನಿಂತಿತು.