ನೆತ್ತಿಯ ಮೇಲಿನ ಸ್ವಾತಿ, ಚರಿಗೆಯೊಳಗಿನ ಸ್ವಾತಿ

ನವಲಗುಂದದ ಹತ್ತಿರದ ನಮ್ಮೂರಿನ ಮನೆಯಲ್ಲಿ, ದೇವರ ಮಾಡದ ಪಕ್ಕ ಒಂದು ತಾಮ್ರದ ಚರಿಗೆ ಇದೆ. ಬಾಯಿಗೆ ಬಿಳಿ ಬಟ್ಟೆ ಬಿಗಿದಿರುತ್ತದೆ. ಅದರೊಳಗೆ ಇರುವುದು ಸ್ವಾತಿ ಮಳೆಯ ನೀರು. ಸಣ್ಣವನಿದ್ದಾಗ ಅದಕ್ಕೆ ಕೈ ಹಾಕಿ ದೊಡ್ಡವ್ವನ ಹತ್ತಿರ ಬೈಸಿಕೊಂಡಿದ್ದೇನೆ. "ತಮ್ಮಾ, ಅದು ಸ್ವಾತಿ ಮಳಿ ನೀರು. ವರ್ಷ ಇಟ್ರೂ ಕೆಡಂಗಿಲ್ಲ. ಹಾಲಿಗೆ ಹಾಕಿದ್ರ ಹೆಪ್ಪಿಲ್ಲದ ಮೊಸರಾಗ್ತೈತಿ."

ಎರಡು ವರ್ಷದ ಹಿಂದೆ ಮೇ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಸೆಖೆ ತಡೆಯಲಾರದೆ ಎಲ್ಲರೂ ಮಾಳಿಗೆ ಮೇಲೆ ಹಾಸಿಕೊಂಡಿದ್ದೆವು. ರಾತ್ರಿ ಹತ್ತೂವರೆ ಇರಬೇಕು. ನೆತ್ತಿಯ ಮೇಲೇ ಒಂದು ದೊಡ್ಡ ಚುಕ್ಕಿ, ಹಣ್ಣಾದ ಕಿತ್ತಳೆಯ ಬಣ್ಣ. "ದೊಡ್ಡವ್ವಾ, ಅದ ನೋಡು ನಿನ್ನ ಸ್ವಾತಿ" ಅಂದೆ. ಆಕೆ ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಸ್ವಾತಿ ಮಳಿಗೆ ಇನ್ನ ಐದ ತಿಂಗಳೈತಿ. ಈಗ್ಯಾಕ ಬಂದೈತಿ ಅದು?"

ಆಕಾಶದ ಬಗ್ಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಇದುವರೆಗೆ ಯಾರೂ ಕೇಳಿಲ್ಲ.

ಸ್ವಾತಿ ಮಳೆ ಅಂದರೆ ಸ್ವಾತಿ ನಕ್ಷತ್ರ ಕಾಣುವಾಗ ಬರುವ ಮಳೆ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಆಗುವುದು ಇದರ ಉಲ್ಟಾ. ಸೂರ್ಯ ವರ್ಷಕ್ಕೊಮ್ಮೆ 27 ನಕ್ಷತ್ರಗಳ ಭಾಗಗಳನ್ನು ಒಂದೊಂದಾಗಿ ದಾಟುತ್ತಾನೆ. ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಸ್ವಾತಿಯ ಭಾಗದಲ್ಲಿ ಅವನಿರುವುದು ಈಗ ಸುಮಾರು ಅಕ್ಟೋಬರ್ 24ರಿಂದ ನವೆಂಬರ್ 6ರವರೆಗೆ. ಆ ದಿನಗಳಲ್ಲಿ ಬಿದ್ದದ್ದು ಸ್ವಾತಿ ಮಳೆ. ಸೂರ್ಯ ಆ ಕಡೆ ಇದ್ದಾನೆ ಅಂದಮೇಲೆ ನಕ್ಷತ್ರವೂ ಹಗಲಿನಲ್ಲೇ ಮೇಲೆ ಇರುತ್ತದೆ. ಸಂಜೆ ಸೂರ್ಯ ಮುಳುಗಿದ ಒಂದು ತಾಸಿನೊಳಗೆ ಅದೂ ಮುಳುಗುತ್ತದೆ. ನಟ್ಟಿರುಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇನ್ನೊಂದು ವಿಷಯ, ಸೂರ್ಯ ಈ ಚುಕ್ಕಿಯ ಹತ್ತಿರವೂ ಸುಳಿಯುವುದಿಲ್ಲ. ಅವನ ದಾರಿಯಿಂದ ಇದು ಉತ್ತರಕ್ಕೆ 30 ಡಿಗ್ರಿ ದೂರ.

ರೋಹಿಣಿಯ ಕತೆಯೂ ಇದೇ. "ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ" ಅನ್ನುತ್ತೇವಲ್ಲ, ಆ ಮಳೆ ಬರುವ ಮೇ ಕೊನೆ, ಜೂನ್ ಮೊದಲಲ್ಲಿ ರೋಹಿಣಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. 

ನಮ್ಮ ಹಿರಿಯರ ಮಳೆ ಲೆಕ್ಕವನ್ನು ನಾನು ಹಗುರ ಮಾಡುತ್ತಿಲ್ಲ. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವವರಿಗೆ ಅದು ಒಳ್ಳೆಯ ಕ್ಯಾಲೆಂಡರ್. ಆದರೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಮಳೆ ಸುರಿಸುತ್ತದೆಯೇ? ಅಕ್ಟೋಬರ್ ಕೊನೆಯಲ್ಲಿ ನಮ್ಮ ಕಡೆ ಮಳೆ ಬಂದರೆ ಅದು ಮುಂಗಾರು ಹಿಂದೆ ಸರಿದ ಮೇಲೆ ಬೀಸುವ ಪೂರ್ವದ ಗಾಳಿಯಿಂದ, ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತದಿಂದ.

ಇದಕ್ಕೆ ನನ್ನ ಹತ್ತಿರ ಒಂದು ಗಟ್ಟಿ ಸಾಕ್ಷಿ ಇದೆ. ಅದಕ್ಕೆ ಗದಗ ಜಿಲ್ಲೆಯ ಲಕ್ಕುಂಡಿಗೆ ಹೋಗಬೇಕು. ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ. ಅದರ ಕಾಲ 1007. ಆಗ ಲಕ್ಕುಂಡಿಯ ರೈತರಿಗೆ ಸ್ವಾತಿ ಮಳೆ ಯಾವಾಗ ಶುರುವಾಗುತ್ತಿತ್ತು? ಋತುಮಾನದ ಲೆಕ್ಕದಲ್ಲಿ ಈಗಿನದಕ್ಕಿಂತ ಸುಮಾರು 14 ದಿನ ಮೊದಲು. ನಮ್ಮ ಭೂಮಿ ಬುಗುರಿಯ ಹಾಗೆ ತಿರುಗುತ್ತಾ ನಿಧಾನಕ್ಕೆ ತಲೆಯಾಡಿಸುತ್ತದೆ. ಒಂದು ಸುತ್ತು ತಲೆಯಾಡಿಸಲು 26,000 ವರ್ಷ ಬೇಕು. ಇದರಿಂದ ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ಅತ್ತಿಮಬ್ಬೆಯಿಂದ ಇಲ್ಲಿಯವರೆಗೆ ಎಣಿಸಿದರೆ ಒಂದು ಪೂರಾ ಮಳೆಯಷ್ಟು ಸರಿದಿದೆ. ಅವರು ಸ್ವಾತಿ ಮಳೆ ಅಂತ ಕರೆದ ದಿನಗಳನ್ನು ನಾವು ಚಿತ್ತಾ ಮಳೆ ಅನ್ನುತ್ತೇವೆ. ಮಳೆಗೆ ಕಾರಣ ನಕ್ಷತ್ರವೇ ಆಗಿದ್ದರೆ ಮುಂಗಾರು ಹಿಂಗಾರುಗಳೂ ಅದರ ಬೆನ್ನು ಹತ್ತಿ ಸರಿಯಬೇಕಿತ್ತು. ಹಾಗೆ ಆಗುವುದಿಲ್ಲ. ಋತುಗಳು ಹೋಗುವುದು ಸೂರ್ಯನ ಜೊತೆ.

ಮರುದಿನ ಚರಿಗೆಯ ಪರೀಕ್ಷೆ ಮಾಡಿದೆವು. ದೊಡ್ಡವ್ವನೇ ಮುಂದೆ ನಿಂತಳು. ಮೂರು ಸ್ಟೀಲ್ ಬಟ್ಟಲುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಒಂದೇ ಪಾತ್ರೆಯಲ್ಲಿ ಕಾಸಿದ ಹಾಲು ಹಾಕಿದೆವು. ಒಂದಕ್ಕೆ ಒಂದು ಚಮಚ ಸ್ವಾತಿ ನೀರು, ಇನ್ನೊಂದಕ್ಕೆ ನಲ್ಲಿ ನೀರು, ಮೂರನೆಯದಕ್ಕೆ ಏನೂ ಇಲ್ಲ. ಬೆಳಿಗ್ಗೆ ನೋಡಿದರೆ ಮೂರೂ ಹಾಲಾಗಿಯೇ ಇದ್ದವು. ಆಕೆಯ ಮುಖ ಸಣ್ಣದಾಯಿತು. ಅವತ್ತೇ ಸಂಜೆ ಆಕೆ ದಿನಾ ಮೊಸರು ಹಾಕುವ ಮಣ್ಣಿನ ಗಡಿಗೆಗೆ ಹಾಲು ಹಾಕಿ ಬರೀ ನಲ್ಲಿ ನೀರು ಬೆರೆಸಿದೆವು. ಗಟ್ಟಿ ಮೊಸರು! ಹೆಪ್ಪು ಇದ್ದದ್ದು ಗಡಿಗೆಯ ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ. ಅಲ್ಲಿ ಮೊಸರಿನ ಬ್ಯಾಕ್ಟೀರಿಯಾ ವರ್ಷಗಳಿಂದ ಬೀಡುಬಿಟ್ಟಿತ್ತು. ಇಷ್ಟಕ್ಕೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಈ ನೀರನ್ನು ನೋಯುವ ಕಣ್ಣಿಗೆ ಬಿಡುವವರೂ ಇದ್ದಾರೆ. ವರ್ಷಗಟ್ಟಲೆ ಇಟ್ಟ ನೀರನ್ನು ದಯವಿಟ್ಟು ಕಣ್ಣಿಗೆ ಹಾಕಬೇಡಿ.

ಮುತ್ತಿನ ನಂಬಿಕೆಯೂ ಹೀಗೇ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದಂತೆ. ನನ್ನ ಗೆಳೆಯನಿಗೆ ಒಬ್ಬ ವ್ಯಾಪಾರಿ ಇದೇ ಮಾತು ಹೇಳಿ "ಸ್ವಾತಿ ಮುತ್ತು" ಅಂತ ನಾಲ್ಕು ಪಟ್ಟು ಬೆಲೆಗೆ ಮಾರಿದ್ದ. ಚಿಪ್ಪಿನೊಳಗೆ ಹೊರಗಿನ ವಸ್ತು ಸೇರಿದರೆ, ಇಲ್ಲವೇ ಒಳಗಿನ ಚರ್ಮಕ್ಕೆ ಗಾಯವಾದರೆ, ಆ ಜೀವಿ ಅದರ ಸುತ್ತ ಪದರದ ಮೇಲೆ ಪದರ ಸುತ್ತುತ್ತದೆ. ಅದೇ ಮುತ್ತು. 1893ರಲ್ಲಿ ಜಪಾನಿನ ಕೊಕಿಚಿ ಮಿಕಿಮೊಟೊ ತಾನೇ ಚಿಪ್ಪಿನೊಳಗೆ ಬೀಜ ಇಟ್ಟು ಅರ್ಧಗೋಲದ ಮುತ್ತು ಬೆಳೆಸಿ ತೋರಿಸಿದ.

ಈ 1893ಕ್ಕೂ ಸ್ವಾತಿಗೂ ಇನ್ನೊಂದು ನಂಟಿದೆ. ಆ ವರ್ಷ ಅಮೆರಿಕದ ಷಿಕಾಗೋದಲ್ಲಿ ದೊಡ್ಡ ವಿಶ್ವಮೇಳ ನಡೆದಿತ್ತು. 40 ವರ್ಷದ ನಂತರ ಅದೇ ಊರಿನಲ್ಲಿ ಮತ್ತೊಂದು ಮೇಳ. ಸ್ವಾತಿಯ ದೂರ 40 ಜ್ಯೋತಿರ್ವರ್ಷ, ಅಂದರೆ ಬೆಳಕಿಗೆ 40 ವರ್ಷದ ದಾರಿ, ಎಂಬ ಎಣಿಕೆ ಆಗ ಇತ್ತು. ಅಂದರೆ ಹಿಂದಿನ ಮೇಳದ ಹೊತ್ತಿಗೆ ಅಲ್ಲಿಂದ ಹೊರಟ ಬೆಳಕು ಈಗ ಬಂದು ತಲುಪಬೇಕು! 1933ರ ಮೇ 27ರಂದು ಯರ್ಕಿಸ್ ಮತ್ತಿತರ ವೀಕ್ಷಣಾಲಯಗಳ ದೂರದರ್ಶಕದಿಂದ ಸ್ವಾತಿಯ ಬೆಳಕನ್ನು ಹಿಡಿದು ಫೋಟೋಸೆಲ್ ಮೇಲೆ ಬೀಳಿಸಿದರು. ಅದರಿಂದ ಹುಟ್ಟಿದ ಚೂರು ವಿದ್ಯುತ್ತನ್ನು ಹಿಗ್ಗಿಸಿ ತಂತಿಯಲ್ಲಿ ಕಳಿಸಿ, ಮೇಳದ ದೀಪಗಳನ್ನು ಹೊತ್ತಿಸಿದರು. ಈಗಿನ ಅಳತೆಯಲ್ಲಿ ಸ್ವಾತಿಯ ದೂರ ಸುಮಾರು 37 ಜ್ಯೋತಿರ್ವರ್ಷ. ಹಾಗಾಗಿ ಆ ಬೆಳಕು ಹೊರಟದ್ದು 1896ರ ಸುಮಾರಿಗೆ. ಮೂರು ವರ್ಷ ಹೆಚ್ಚು ಕಡಿಮೆಯಾಯಿತು. ಆದರೂ ಒಂದು ಚುಕ್ಕಿಯಿಂದ ಮೇಳದ ದೀಪ ಹಚ್ಚಿದವರ ಉಮೇದು ನನಗೆ ಬಹಳ ಇಷ್ಟ.

ಈಗ ಚುಕ್ಕಿಗೇ ಬರೋಣ. ಮೊದಲು ಬಣ್ಣ. ಕೆಂಪಗಿರುವುದೇ ಜಾಸ್ತಿ ಬಿಸಿ ಅಂತ ಅನ್ನಿಸುತ್ತದೆ, ಅಲ್ವಾ? ಕಮ್ಮಾರನ ಕುಲುಮೆಯಲ್ಲಿ ಕುಡಗೋಲು ಕಾಯುವುದನ್ನು ನೋಡಿ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಿಳಿ. ಸ್ವಾತಿಯ ಮೈ ಸುಮಾರು 4,000 ಡಿಗ್ರಿ ಸೆಲ್ಸಿಯಸ್. ಸೂರ್ಯನದು 5,500. ಅಂದರೆ ಸ್ವಾತಿ ಸೂರ್ಯನಿಗಿಂತ ತಣ್ಣಗಿದೆ. ಆದರೂ ಅದು ಸೂರ್ಯನ 170 ಪಟ್ಟು ಬೆಳಕು ಕೊಡುತ್ತದೆ. ಹೇಗೆ? ಮೈ ದೊಡ್ಡದು. ಸೂರ್ಯನನ್ನು ಒಂದು ಜೋಳದ ಕಾಳು ಅಂದುಕೊಂಡರೆ ಸ್ವಾತಿ ಸುಲಿದ ತೆಂಗಿನಕಾಯಿ. ಸುಮಾರು 25 ಪಟ್ಟು ಅಗಲ.

ಆಶ್ಚರ್ಯ ಇರುವುದು ಇಲ್ಲಿ. ಆ ಕಾಳನ್ನೂ ಆ ಕಾಯಿಯನ್ನೂ ತಕ್ಕಡಿಗೆ ಹಾಕಿದರೆ ತೂಕ ಹೆಚ್ಚು ಕಡಿಮೆ ಒಂದೇ! ಸ್ವಾತಿಯ ಒಟ್ಟು ವಸ್ತು ಸೂರ್ಯನಿಗಿಂತ ನೂರಕ್ಕೆ ಎಂಟರಷ್ಟು ಜಾಸ್ತಿ, ಅಷ್ಟೇ. ಅದು ಹುಟ್ಟಾ ದೈತ್ಯ ಅಲ್ಲ. ಒಂದು ಕಾಲಕ್ಕೆ ನಮ್ಮ ಸೂರ್ಯನ ಹಾಗೇ ಇದ್ದ ನಕ್ಷತ್ರ. ಮುಪ್ಪಿನಲ್ಲಿ ಉಬ್ಬಿದೆ.

ಯಾಕೆ ಉಬ್ಬಿತು? ನನಗೆ ಎಷ್ಟು ಸಲ ಹೇಳಿದರೂ ಬೇಸರವಾಗದ ಭಾಗ ಇದು. ಕುಳ್ಳಿನ ಒಲೆಯನ್ನು ನೆನಪಿಸಿಕೊಳ್ಳಿ. ಕುಳ್ಳಿನ ಗುಂಪಿಗೆ ನಡುವೆ ಬೆಂಕಿ ಹಚ್ಚಿದರೆ ನಡುವಿನದು ಮೊದಲು ಬೂದಿಯಾಗುತ್ತದೆ. ಬೆಂಕಿ ಬೂದಿಯ ಸುತ್ತ ಉಂಗುರದ ಹಾಗೆ ಹೊರಕ್ಕೆ ಸರಿಯುತ್ತದೆ. ನಕ್ಷತ್ರದ ನಡುವೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತದೆ. ಹೀಲಿಯಂ ಅಲ್ಲಿಯ ಬೂದಿ. ನಡುವಿನ ಹೈಡ್ರೋಜನ್ ತೀರಿದ ಮೇಲೆ ಅಲ್ಲಿ ಬರೀ ಬೂದಿಯ ಉಂಡೆ ಉಳಿಯುತ್ತದೆ.

ಒಲೆಯಲ್ಲಾದರೆ ಬೂದಿ ತಣ್ಣಗಾಗುತ್ತದೆ. ನಕ್ಷತ್ರದಲ್ಲಿ ಹಾಗಾಗುವುದಿಲ್ಲ. ಇಷ್ಟು ದಿನ ಒಳಗಿನ ಬೆಂಕಿ ಮೇಲಿನ ಭಾರವನ್ನು ಹೊತ್ತು ನಿಂತಿತ್ತು. ಈಗ ಅದು ಹೋಯಿತು. ಮೇಲಿನ ಭಾರ ಬೂದಿಯ ಉಂಡೆಯನ್ನು ಹಿಂಡತೊಡಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಹಾಗೆ ಹಿಂಡಿದಷ್ಟೂ ಉಂಡೆ ಕಾಯುತ್ತದೆ. ಕಾದ ಉಂಡೆಯ ಸುತ್ತ ಇನ್ನೂ ಉರಿಯದೆ ಉಳಿದಿದ್ದ ಹೈಡ್ರೋಜನ್ ಪದರಕ್ಕೆ ಬೆಂಕಿ ಹತ್ತುತ್ತದೆ. ಆ ಬೆಂಕಿ ಮೊದಲಿನದಕ್ಕಿಂತ ಎಷ್ಟೋ ಜೋರು. ಅದರ ಬೂದಿಯೂ ಉಂಡೆಯ ಮೇಲೇ ಬೀಳುತ್ತದೆ. ಉಂಡೆ ಮತ್ತೆ ಭಾರವಾಗಿ ಮತ್ತೆ ಹಿಂಡಿಕೊಂಡು ಮತ್ತೆ ಕಾಯುತ್ತದೆ. ಕಟ್ಟಿಗೆ ತೀರುತ್ತಾ ಬಂದಂತೆ ಉರಿ ಜೋರಾಗುವ ಒಲೆ ಇದು.

ಅಷ್ಟು ಶಾಖ ಒಳಗಿನಿಂದ ಹೊರಟಾಗ ಹೊರಗಿನ ಪದರ ತಡೆಯಲಾರದೆ ಉಬ್ಬುತ್ತದೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ರೊಟ್ಟಿಗೆ ಗಟ್ಟಿ ಪದರ ಇದೆ, ನಕ್ಷತ್ರಕ್ಕೆ ಇಲ್ಲ. ಅದು ಅನಿಲ. ಉಬ್ಬುತ್ತಾ ಉಬ್ಬುತ್ತಾ ತೆಳ್ಳಗಾಗುತ್ತದೆ. ಸ್ವಾತಿಯನ್ನು ಸರಾಸರಿ ತೆಗೆದುಕೊಂಡರೆ ನಾವು ಉಸಿರಾಡುವ ಗಾಳಿಯ ಹತ್ತನೇ ಒಂದು ಪಾಲಿನಷ್ಟೂ ದಟ್ಟ ಇಲ್ಲ. ಇನ್ನು ಮೈ ತಣ್ಣಗಾದದ್ದು ಯಾಕೆ? ಒಲೆಯ ಕೆಂಡವನ್ನು ಅಂಗಳದ ತುಂಬ ಹರಡಿ. ಕೆಂಡ ಎಷ್ಟಿತ್ತೋ ಅಷ್ಟೇ ಇದೆ, ಆದರೆ ಒಂದೊಂದು ಗೇಣು ಜಾಗದ ಪಾಲಿಗೆ ಬಂದದ್ದು ಕಡಿಮೆ. ಶಾಖ 170 ಪಟ್ಟು ಆಯಿತು, ಮೈ 600 ಪಟ್ಟಿಗಿಂತ ಜಾಸ್ತಿ ಆಯಿತು. ಅದಕ್ಕೇ ಬಿಳಿಯಿದ್ದದ್ದು ಕಿತ್ತಳೆಗೆ ಇಳಿಯಿತು.

ಸೂರ್ಯನಿಗೆ ಈಗ 460 ಕೋಟಿ ವರ್ಷ. ಇನ್ನು 500 ಕೋಟಿ ವರ್ಷ ಕಳೆದ ಮೇಲೆ ಅವನೂ ಇದೇ ದಾರಿ ಹಿಡಿಯುತ್ತಾನೆ. ಸ್ವಾತಿಯಷ್ಟು ಉಬ್ಬಿದ ದಿನ ಇಲ್ಲಿಂದ ನೋಡುವವರಿದ್ದರೆ, ಕೈ ಚಾಚಿ ಹಿಡಿದ ಮುಷ್ಟಿಯಿಂದಲೂ ಸೂರ್ಯನನ್ನು ಮುಚ್ಚಲು ಆಗುವುದಿಲ್ಲ.

ಸ್ವಾತಿ ನಮ್ಮ ನೆರೆಯದೂ ಅಲ್ಲ, ಹಾದಿಹೋಕ ನಕ್ಷತ್ರ. ಸೂರ್ಯನಿಗೆ ಹೋಲಿಸಿದರೆ ಸೆಕೆಂಡಿಗೆ ಸುಮಾರು 122 ಕಿಲೋಮೀಟರ್ ವೇಗ. ಹುಬ್ಬಳ್ಳಿ ಬಿಟ್ಟರೆ ಒಂದು ಸೆಕೆಂಡಿನೊಳಗೆ ಹಾವೇರಿ ದಾಟಿರುತ್ತದೆ. ಹಿಂದಿನವರು ಸೂರ್ಯ, ಚಂದ್ರ, ಗ್ರಹ ಬಿಟ್ಟು ಉಳಿದ ಚುಕ್ಕಿಗಳೆಲ್ಲ ಜಾಗ ಬಿಟ್ಟು ಕದಲುವುದಿಲ್ಲ ಅಂತ ನಂಬಿದ್ದರು. 1718ರಲ್ಲಿ ಎಡ್ಮಂಡ್ ಹ್ಯಾಲಿ ಪುರಾತನ ಗ್ರೀಕರ ಪಟ್ಟಿಯನ್ನು ತನ್ನ ಕಾಲದ ಅಳತೆಗೆ ಹೋಲಿಸಿದ. ಲುಬ್ಧಕ, ಸ್ವಾತಿ, ರೋಹಿಣಿ ಮೂರೂ ಜಾಗ ಬದಲಿಸಿದ್ದವು. ಅತ್ತಿಮಬ್ಬೆಯ ಕಾಲದಿಂದ ಈಚೆಗೆ ಸ್ವಾತಿ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಜಾಸ್ತಿ ಸರಿದಿದೆ.

ನಮ್ಮ ಧಾರವಾಡ, ಗದಗಗಳ ಮೇಲೆ ಅದು ಹಾದುಹೋಗುವುದು ಸರಿಸುಮಾರು ನೆತ್ತಿಯ ಮೇಲೆ. ಕೈ ಚಾಚಿದರೆ ಎರಡು ಮೂರು ಬೆರಳಿನಷ್ಟು ಉತ್ತರಕ್ಕೆ, ಅಷ್ಟೇ. ಹವಾಯಿ ದ್ವೀಪದಲ್ಲೂ ಅದು ನೆತ್ತಿಯ ಚುಕ್ಕಿ. ಅಲ್ಲಿ ಅದನ್ನು ಹೊಕುಲೆಅ, ಸಂತೋಷದ ನಕ್ಷತ್ರ ಅನ್ನುತ್ತಾರೆ. ಯಾವ ಜಾಗದಲ್ಲಿ ಅದು ತಲೆಯ ಮೇಲೆ ನೇರ ಬರುತ್ತದೋ ಆ ಜಾಗ ತಮ್ಮ ದ್ವೀಪದ ಸಾಲಿನಲ್ಲಿದೆ ಎಂದು ದೋಣಿಯವರು ಗುರುತಿಸಬಹುದು. 1976ರಲ್ಲಿ ಅದೇ ಹೆಸರಿನ ದೋಣಿ ಯಾವ ಉಪಕರಣವೂ ಇಲ್ಲದೆ ಚುಕ್ಕಿ, ಅಲೆ, ಗಾಳಿ ನೋಡಿಕೊಂಡೇ ಹವಾಯಿಯಿಂದ ತಹೀತಿ ಮುಟ್ಟಿತು. ನಮಗೆ ಅಷ್ಟು ಕಷ್ಟವಿಲ್ಲ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೇ ಮುಂದೆ ಎಳೆದುಕೊಂಡು ಹೋದರೆ ಸಿಗುವ ಮೊದಲ ದೊಡ್ಡ ಚುಕ್ಕಿ ಸ್ವಾತಿ. ಇನ್ನೂ ಎಳೆದರೆ ಚಿತ್ತಾ.

ಇಷ್ಟನ್ನೂ ಅವತ್ತು ಮಾಳಿಗೆ ಮೇಲೆ ದೊಡ್ಡವ್ವನಿಗೆ ಹೇಳಿದ್ದೆ. ಮಳೆ ಮುಗಿದ ಮೇಲೆ ನವೆಂಬರ್ ನಡುವೆ ಬೆಳಗಿನ ಜಾವ ಮೂಡಣದಲ್ಲಿ ಅದು ಮತ್ತೆ ಕಾಣುತ್ತದೆ, ಸ್ವಲ್ಪ ಉತ್ತರಕ್ಕೆ ನೋಡು ಅಂತಲೂ ಹೇಳಿದ್ದೆ. ಆ ವರ್ಷ ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಐದೂವರೆಗೆ ಫೋನ್ ಬಂತು. ಇಷ್ಟು ಹೊತ್ತಿನಲ್ಲಿ ಏನಾಯಿತೋ ಅಂತ ಗಾಬರಿಯಿಂದ ಎತ್ತಿದೆ.

"ತಮ್ಮಾ, ಸೂರ್ಯಾನ ಬೆನ್ನಿಂದ ಹೊರಗ ಬಂದೈತಿ ನೋಡು" ಅಂದಳು ದೊಡ್ಡವ್ವ.