ಆ ‘ಒಂದು ವರ್ಷ’ದ ಲೆಕ್ಕ

ಜಗಳೂರು ಕಡೆಯ ತಾಯಿ, ಮಗಳು ದಾವಣಗೆರೆಯ ನಮ್ಮ ವಕೀಲಿ ಆಫೀಸಿಗೆ ಬಂದಿದ್ದರು. ಮಗಳು ಮಾತಾಡಲಿಲ್ಲ. ಮಡಚಿ ಮಡಚಿ ಗೆರೆ ಬಿದ್ದ ಆಸ್ಪತ್ರೆ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು. ಗಂಡನಿಗೆ ಮದುವೆಗೂ ಮೊದಲಿನಿಂದ ತೀವ್ರ ಮಾನಸಿಕ ಕಾಯಿಲೆ, ಚಿಕಿತ್ಸೆ ನಡೆಯುತ್ತಿತ್ತು. ಕಾಯಿಲೆ ಯಾರ ತಪ್ಪೂ ಅಲ್ಲ. ಮುಚ್ಚಿಟ್ಟಿದ್ದು ತಪ್ಪು.

ಮದುವೆಯಾದ ಎರಡನೇ ತಿಂಗಳಲ್ಲೇ ಚೀಟಿ ಸಿಕ್ಕಿತ್ತು. ನನ್ನ ಹತ್ತಿರ ಬಂದಿದ್ದು ಹದಿನಾರನೇ ತಿಂಗಳಲ್ಲಿ.

‘ವರ್ಷ ತುಂಬೋವರೆಗೂ ಕೋರ್ಟಿಗೆ ಹೋಗಂಗಿಲ್ಲ ಅಂದ್ರು ಮೇಡಂ, ಅದಕ್ಕೇ ಅನುಸರಿಸ್ಕೊಂಡು ಹೋಗು ಅಂದ್ವಿ’ ಎಂದರು ತಾಯಿ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವರ್ಷ ಕಾಯಬೇಕಾದದ್ದು ವಿಚ್ಛೇದನಕ್ಕೆ. ಅದಕ್ಕೂ, ತೀರಾ ಕಷ್ಟವಿದ್ದರೆ ಕೋರ್ಟ್ ಅನುಮತಿ ಕೊಡಬಹುದು. ಮೋಸದಿಂದಾದ ಮದುವೆ ರದ್ದು ಮಾಡಿಸಲು ಲೆಕ್ಕ ಪೂರ್ತಿ ಉಲ್ಟಾ. 12ನೇ ಕಲಂ ಪ್ರಕಾರ ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಲೇಬೇಕು. ಗೊತ್ತಾದ ಮೇಲೂ ಮನಸ್ಸೊಪ್ಪಿ ಸಂಸಾರ ಮಾಡಿದ್ದರೆ ಆ ದಾರಿ ಮುಚ್ಚುತ್ತೆ. ಹಿರಿಯರು ಒಳ್ಳೇದಕ್ಕೇ ಹೇಳಿದ ‘ಅನುಸರಿಸ್ಕೊಂಡು ಹೋಗು’ ಅನ್ನೋ ಮಾತೇ ಅಡ್ಡ ಬರುತ್ತೆ, ಅಲ್ವಾ?

ವಿಚ್ಛೇದನ ಅಂದರೆ ಮದುವೆ ಸರಿಯಾಗೇ ಆಗಿತ್ತು, ಆಮೇಲೆ ಕೆಟ್ಟಿತು. ಹಿಂಸೆ, ಎರಡು ವರ್ಷ ಬಿಟ್ಟುಹೋಗಿರೋದು, ಪರಸಂಗ, ಇಂಥವು ಅದರ ಕಾರಣಗಳು. ರದ್ದತಿಯಲ್ಲಿ ದೋಷ ಮದುವೆಯ ದಿನವೇ ಇತ್ತು. ಮೊದಲ ಹೆಂಡತಿಯಿಂದ ವಿಚ್ಛೇದನ ಆಗದೆ ಇನ್ನೊಂದು ತಾಳಿ ಕಟ್ಟಿದರೆ ಅದು ಬುಡದಿಂದಲೇ ಮದುವೆ ಅಲ್ಲ. ಅದಕ್ಕೆ ಈ ಒಂದು ವರ್ಷದ ಗಡುವೂ ಇಲ್ಲ. ತೀರಾ ಹತ್ತಿರದ ರಕ್ತಸಂಬಂಧಕ್ಕೂ ನಿಷೇಧವಿದೆ. ಆದರೆ ನಮ್ಮಲ್ಲಿ ಅಕ್ಕನ ಮಗಳನ್ನು ತರೋದು ಎಷ್ಟೋ ಮನೆತನಗಳ ರೂಢಿ. ಹಳೆಯ ರೂಢಿ ಅಂತ ಸಾಬೀತಾದರೆ ಕಾನೂನು ಒಪ್ಪುತ್ತೆ.

‘ರದ್ದಾದರೆ ಮಕ್ಕಳು ಅಕ್ರಮ ಆಗ್ತಾರಾ?’ ಅಂತ ಜಾಸ್ತಿ ಜನ ಕೇಳುತ್ತಾರೆ. ಖಂಡಿತ ಇಲ್ಲ. 16ನೇ ಕಲಂ ಆ ಮಕ್ಕಳನ್ನು ಕಾಪಾಡುತ್ತೆ.

ಹೊರಡುವಾಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ‘ಹಂಗಾರೆ ಈ ಚೀಟಿ ದಂಡನಾ ಮೇಡಂ?’

‘ಇಲ್ಲಮ್ಮ. ವಿಚ್ಛೇದನದ ದಾರಿ ಇದೆ. ಮದುವೆಯಾದ ಮೇಲೆ ನಿನಗಾದ ಹಿಂಸೆಯನ್ನು ಅಲ್ಲಿ ತೋರಿಸಬೇಕು. ಆಗಲೂ ಈ ಚೀಟಿ ಬೇಕು, ಹುಷಾರಾಗಿ ಇಟ್ಕೋ’ ಎಂದೆ. ಅವಳು ಅದನ್ನು ಮತ್ತೆ ಅದೇ ಗೆರೆಗಳಲ್ಲಿ ಮಡಚಿದಳು.