ಹೆರಿಟೆಬಿಲಿಟಿ ಹೆಚ್ಚಿದ್ದರೆ ಸಾಕೇ? ಶೇಂಗಾ ತಳಿ ಆಯ್ಕೆಯ ಟಿಪ್ಪಣಿ

ಶೇಂಗಾದಲ್ಲಿ ಯಾವ ಗುಣಕ್ಕೆ ತಳಿ ಆರಿಸುವುದು ಸುಲಭ ಎಂಬ ಪ್ರಶ್ನೆಗೆ "ಎಣ್ಣೆ ಅಂಶಕ್ಕೆ ಹೆರಿಟೆಬಿಲಿಟಿ ಹೆಚ್ಚು, ಆದ್ದರಿಂದ ಆಯ್ಕೆ ಸುಲಭ" ಎಂದು ಬರೆದು ಮುಗಿಸಿದರೆ ಉತ್ತರ ಅರ್ಧಕ್ಕೇ ನಿಂತಂತೆ.

ಹೊಲದಲ್ಲಿ ಗಿಡದಿಂದ ಗಿಡಕ್ಕೆ ಕಾಣುವ ವ್ಯತ್ಯಾಸದಲ್ಲಿ ಒಂದು ಪಾಲು ಜೀನ್‌ಗಳದ್ದು, ಉಳಿದದ್ದು ಮಣ್ಣು, ನೀರು, ಹವೆಯದ್ದು. ಈ ವ್ಯತ್ಯಾಸವನ್ನು ಅಳೆಯುವ ಒಟ್ಟು ವೇರಿಯನ್ಸ್‌ನಲ್ಲಿ ಜೀನ್‌ಗಳ ಪಾಲೆಷ್ಟು ಎಂಬುದೇ ಹೆರಿಟೆಬಿಲಿಟಿ. ಆದರೆ ಆ ಒಟ್ಟು ವ್ಯತ್ಯಾಸವೇ ಚಿಕ್ಕದಾಗಿದ್ದರೆ? ಅದಕ್ಕೇ ತಳಿ ವಿಜ್ಞಾನಿಗಳಾದ ಜಾನ್ಸನ್, ರಾಬಿನ್ಸನ್, ಕಾಮ್‌ಸ್ಟಾಕ್ 1955ರ ಸೋಯಾಬೀನ್ ಅಧ್ಯಯನದಲ್ಲಿ ಹೆರಿಟೆಬಿಲಿಟಿಯನ್ನು ಜೆನೆಟಿಕ್ ಅಡ್ವಾನ್ಸ್ (ಆಯ್ಕೆಯಿಂದ ಮುಂದಿನ ಪೀಳಿಗೆಯಲ್ಲಿ ನಿರೀಕ್ಷಿಸಬಹುದಾದ ಗಳಿಕೆ) ಜೊತೆಗಿಟ್ಟು ನೋಡಿದರು.

ಜೆನೆಟಿಕ್ ಅಡ್ವಾನ್ಸ್ = 2.06 × ಫಿನೋಟೈಪಿಕ್ ಸ್ಟ್ಯಾಂಡರ್ಡ್ ಡೀವಿಯೇಷನ್ × ಹೆರಿಟೆಬಿಲಿಟಿ

ಫಿನೋಟೈಪಿಕ್ ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೆ ಹೊಲದಲ್ಲಿ ಕಾಣುವ ಗುಣ ಸರಾಸರಿಯಿಂದ ಎಷ್ಟು ಹರಡಿದೆ ಎಂಬ ಅಳತೆ. ಗುಣದಲ್ಲಿ ಎಲ್ಲಕ್ಕಿಂತ ಮೇಲಿರುವ ಶೇ. 5ರಷ್ಟನ್ನು ಮಾತ್ರ ಆರಿಸಿದಾಗ ಬರುವ ಗುಣಕವೇ 2.06. ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ನೂರು ಬೀಜದ ತೂಕದ ಸರಾಸರಿ 40 ಗ್ರಾಂ, ಡೀವಿಯೇಷನ್ 6, ಹೆರಿಟೆಬಿಲಿಟಿ 0.75. ಗಳಿಕೆ 9.27 ಗ್ರಾಂ, ಅಂದರೆ ಸರಾಸರಿಯ ಶೇ. 23. ಎಣ್ಣೆ ಅಂಶದ ಸರಾಸರಿ ಶೇ. 48, ಡೀವಿಯೇಷನ್ 1.5, ಹೆರಿಟೆಬಿಲಿಟಿ 0.80. ಗಳಿಕೆ ಬರೀ 2.47 ಶೇಕಡಾ ಅಂಶ, ಸರಾಸರಿಯ ಶೇ. 5ರ ಆಸುಪಾಸು! ಹೆರಿಟೆಬಿಲಿಟಿ ಹೆಚ್ಚಿರುವ ಗುಣದಲ್ಲೇ ಗಳಿಕೆ ಕಡಿಮೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಸೂತ್ರ ಮರೆಯುವುದಿಲ್ಲ.

ಕಾಯಿ ಇಳುವರಿಯ ಕಥೆ ಬೇರೆ. ಹಲವು ಜೀನ್‌ಗಳು ಸೇರಿ ನಡೆಸುವ ಗುಣವದು, ಪರಿಸರದ ಪ್ರಭಾವವೂ ಹೆಚ್ಚು. ಕಿತ್ತು ನೋಡುವವರೆಗೆ ಕಾಯಿ ಕಣ್ಣಿಗೂ ಬೀಳದು. ಒಂದೇ ಗಿಡ ನೋಡಿ ಇಳುವರಿಗೆ ಆರಿಸುವುದನ್ನು ನಾನಂತೂ ನಂಬುವುದಿಲ್ಲ.

ಇನ್ನು, ಇಲ್ಲದ ವ್ಯತ್ಯಾಸದಿಂದ ಆರಿಸುವುದಾದರೂ ಏನನ್ನು? ಶೇಂಗಾಕ್ಕೆ ಈ ಕಷ್ಟ ಹುಟ್ಟಿನಿಂದಲೇ ಅಂಟಿದೆ. ದಕ್ಷಿಣ ಅಮೆರಿಕದ ಎರಡು ಕಾಡು ಪ್ರಭೇದಗಳು ಸಹಜವಾಗಿ ಬೆರೆತು, ಕ್ರೋಮೋಸೋಮ್ ಇಮ್ಮಡಿಯಾಗಿ 40ಕ್ಕೇರಿದ ಬೆಳೆ ಇದು. 20 ಕ್ರೋಮೋಸೋಮ್‌ಗಳ ಕಾಡು ಬಂಧುಗಳೊಂದಿಗೆ ಮತ್ತೆ ಸಲೀಸಾಗಿ ಕೂಡದು. ಮೇಲಾಗಿ ಸ್ವಕೀಯ ಪರಾಗಸ್ಪರ್ಶ. ಹಾಗಾಗಿ ತಳಿಗಳಲ್ಲಿ ಹೊರಗೆ ಕಾಣುವಷ್ಟು ವೈವಿಧ್ಯ ಜೀನ್‌ಗಳಲ್ಲಿಲ್ಲ.

ತುಕ್ಕು ಮತ್ತು ಎಲೆಚುಕ್ಕೆ ರೋಗಗಳಿಗೆ ಬಲವಾದ ನಿರೋಧಕ ಶಕ್ತಿ ಬೇಕಾದಾಗ ಕಾಡಿನ ಅರಾಕಿಸ್ ಕಾರ್ಡೆನಾಸಿಯ ಮೊರೆ ಹೋಗಿದ್ದು ಇದಕ್ಕೇ. ಆ ಕಾಡು ಜೀನ್‌ಗಳನ್ನು ಹೊತ್ತ ಸಿಎಸ್ 16 ಅನ್ನು ಕೆಆರ್‌ಜಿ 1 ಜೊತೆ ಸಂಕರಿಸಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಜಿಪಿಬಿಡಿ 4 ತಳಿ ತಂದಿತು. ಮುಂದೆ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಅದೇ ಜಿಪಿಬಿಡಿ 4 ಅನ್ನು ದಾನಿಯಾಗಿಸಿ, ಡಿಎನ್‌ಎ ಮಾರ್ಕರ್ (ಬೇಕಾದ ಜೀನ್ ಇದೆಯೇ ಎಂದು ತಿಳಿಸುವ ಗುರುತು) ನೆರವಿನಿಂದ ಟಿಎಜಿ 24, ಜೆಎಲ್ 24ರಂಥ ತಳಿಗಳಿಗೆ ತುಕ್ಕು ನಿರೋಧಕತೆ ಸೇರಿಸಿತು. ಎಲೆಯ ಚೂರಿನಿಂದಲೇ ಆರಿಸಬಹುದು, ರೋಗ ಬರುವವರೆಗೆ ಕಾಯಬೇಕಿಲ್ಲ.